ಹಳೆಯ ಬೈಕಿನ ಕಾರ್ಬ್ಯುರೇಟರ್‌ಗಳು ಮರಳಿ ಕೂರುತ್ತಿಲ್ಲ, ಏರ್‌ಬಾಕ್ಸ್ ತೆಗೆದುಬಿಡಬಹುದೇ?

ತೆಗೆಯಬೇಡಿ. 80ರ ದಶಕದ ನಾಲ್ಕು ಸಿಲಿಂಡರಿನ ಬೈಕು, ಬಿಚ್ಚಿ ತೊಳೆದಿಟ್ಟ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗಳ ಸಾಲು, ಅವನ್ನು ಎಂಜಿನ್ನಿಗೂ ಏರ್‌ಬಾಕ್ಸಿಗೂ ಜೋಡಿಸುವ, ಗಟ್ಟಿಯಾಗಿ ಬಗ್ಗದ ರಬ್ಬರ್ ಬೂಟುಗಳು, ಏರ್‌ಬಾಕ್ಸ್ (ಗಾಳಿ ಸೋಸಿ ಕೊಡುವ ಡಬ್ಬ) ಕಿತ್ತು ಒಂದೊಂದು ಕಾರ್ಬ್ಯುರೇಟರಿಗೂ ಪಾಡ್ ಎಂಬ ಬಿಡಿ ಫಿಲ್ಟರ್ ಸಿಕ್ಕಿಸಿದರೆ ಕೈಯಾಡಿಸಲು ಜಾಗ ಸಿಕ್ಕೀತೆಂಬ ಆಸೆ: ನೀವು ಬರೆದದ್ದನ್ನು ಓದುವಾಗ ಯಾರೋ ನನ್ನ ಹಳೆಯ ಬೈಕನ್ನೇ ವರ್ಣಿಸುತ್ತಿದ್ದಾರೆ ಎನ್ನಿಸಿತು. ಆದರೆ ಕೂರಿಸುವ ಕಷ್ಟವೇ ನಿಮ್ಮ ಮುಖ್ಯ ಸಮಸ್ಯೆ ಎಂದು ನೀವು ತಿಳಿದಿರುವುದನ್ನು ನಾನು ಒಪ್ಪುವುದಿಲ್ಲ. ನಾನೂ ಹಾಗೆಯೇ ತಿಳಿದಿದ್ದೆ, ಅದರಿಂದ ಒಂದು ಇಡೀ ಎಂಜಿನ್ ಬಿಚ್ಚಿಸಬೇಕಾಯಿತು.

ಶುಚಿಮಾಡುವ ಕೆಲಸದಲ್ಲಿ ನಾನು ಅವಸರಪಟ್ಟಿರಲಿಲ್ಲ. ಪೈಲಟ್ ಜೆಟ್‌ಗಳ (ಪೆಟ್ರೋಲ್ ಹರಿಯುವ ಸಣ್ಣ ನಳಿಕೆಗಳ) ರಂಧ್ರದಾಚೆ ಬೆಳಕು ಕಾಣುವವರೆಗೆ ತೊಳೆದಿದ್ದೆ; ತೆಳ್ಳನೆಯ ರಬ್ಬರ್ ಪೊರೆಗಳಾದ ಡಯಾಫ್ರಮ್‌ಗಳನ್ನು ದೀಪಕ್ಕೆ ಹಿಡಿದು ಎಲ್ಲಿಯೂ ಸೂಜಿಮೊನೆಯಷ್ಟು ತೂತಿಲ್ಲವೆಂದು ನೋಡಿಕೊಂಡಿದ್ದೆ; ಕಾರ್ಬ್ಯುರೇಟರಿನಡಿಯ ಬಟ್ಟಲು, ಅಂದರೆ ಬೌಲ್, ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್‌ಗಳನ್ನು ಹೊಸದಾಗಿ ಹಾಕಿ, ಅವನ್ನು ಒತ್ತುವ ತೇಲುಬುರುಡೆಯಾದ ಫ್ಲೋಟಿನ ಎತ್ತರವನ್ನು ಕೈಪಿಡಿಯ ಅಳತೆಗೆ ತಂದಿದ್ದೆ. ಮುಟ್ಟದೆ ಬಿಟ್ಟದ್ದು ಒಂದನ್ನೇ. ನೀಡಲ್ ಕೂರುವ ಹಿತ್ತಾಳೆಯ ಸೀಟಿನ ಸುತ್ತ ಒಂದು ಓ-ರಿಂಗ್ (ರಬ್ಬರ್ ಉಂಗುರ) ಇರುತ್ತದೆ, ಸೀಟನ್ನು ಹೊರಗೆಳೆಯದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲ ಬೈಕುಗಳಲ್ಲೂ ಹೀಗಿರುವುದಿಲ್ಲ, ಕೆಲವದರಲ್ಲಿ ಸೀಟನ್ನು ತೆಗೆಯಲು ಬರುವುದಿಲ್ಲ. ನನ್ನದರಲ್ಲಿ ಬರುತ್ತಿತ್ತು, ನಾನು ತೆಗೆಯಲಿಲ್ಲ. ದಶಕಗಳ ಪೆಟ್ರೋಲಿನಲ್ಲಿ ನೆನೆದು ಆ ಉಂಗುರ ಗಡುಸಾಗಿ ಕುಗ್ಗಿದ ಮೇಲೆ, ನೀಡಲ್ ಎಷ್ಟೇ ಹೊಸದಿರಲಿ, ಪೆಟ್ರೋಲ್ ಸೀಟಿನ ಹೊರಮೈಯಿಂದ ನುಸುಳಿ ಬೌಲಿಗೆ ಇಳಿಯುತ್ತಲೇ ಇರುತ್ತದೆ.

ಕಾರ್ಬ್ಯುರೇಟರ್‌ಗಳನ್ನು ಮೇಜಿನ ಮೇಲೆಯೇ ಪೆಟ್ರೋಲ್ ತುಂಬಿ ಪರೀಕ್ಷಿಸಬೇಕೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದನ್ನು ಕೂರಿಸಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಕೂರಿಸುವುದು ನಿಮಗೆ ಗೊತ್ತಿರುವ ಹಾಗೆಯೇ ನಡೆಯಿತು: ನಡುವಿನ ಎರಡು ಒಳಹೋದರೆ ತುದಿಯ ಎರಡು ಹೊರಬರುತ್ತಿದ್ದವು, ಎಂಜಿನ್ ಕಡೆ ಸೇರಿದರೆ ಏರ್‌ಬಾಕ್ಸಿನ ಬೂಟು ಮಡಚಿಕೊಳ್ಳುತ್ತಿತ್ತು, ಗೆಣ್ಣುಗಳ ಚರ್ಮ ಫ್ರೇಮಿಗೆ ಉಜ್ಜಿ ಕಿತ್ತುಬಂದಿತ್ತು. ಕೊನೆಗೊಮ್ಮೆ ನಾಲ್ಕೂ ಒಳಗೆ ಹೋದಾಗ, ಇವನ್ನು ಇನ್ನೊಮ್ಮೆ ಹೊರತೆಗೆಯುವ ಪ್ರಸಂಗ ಬಾರದಿರಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಹಾಗೆ ಹೆದರಿದವನಿಗೆ ಪೆಟ್ರೋಲಿನ ವಾಸನೆ ಬಂದರೂ ಅದು ಕೆಲಸ ಮಾಡುವಾಗ ಚೆಲ್ಲಿದ ಪೆಟ್ರೋಲಿನದೆಂದೇ ತೋರುತ್ತದೆ. ನನಗೂ ಹಾಗೆಯೇ ತೋರಿತು.

ಆ ಕಾಲದ ಅನೇಕ ಬೈಕುಗಳಂತೆ ನನ್ನ ಬೈಕಿನ ಪೆಟ್ರೋಲ್ ಟ್ಯಾಪ್ ಎಂಜಿನ್ನಿನ ವ್ಯಾಕ್ಯೂಮಿನಿಂದ (ಗಾಳಿಯ ಸೆಳೆತದಿಂದ) ನಡೆಯುವಂಥದು; ‘ಆನ್’ನಲ್ಲಿದ್ದರೆ ಎಂಜಿನ್ ತಿರುಗಿದಾಗ ಮಾತ್ರ ಪೆಟ್ರೋಲ್ ಬಿಡುತ್ತದೆ, ‘ಪ್ರೈಮ್’ಗೆ ತಿರುಗಿಸಿದರೆ ತಡೆಯಿಲ್ಲದೆ ಹರಿಯುತ್ತದೆ. ಖಾಲಿ ಬೌಲ್‌ಗಳನ್ನು ತುಂಬಿಸಲು ಪ್ರೈಮ್‌ಗೆ ತಿರುಗಿಸಿದವನು ದಣಿವಿನಲ್ಲಿ ಅದನ್ನು ಹಾಗೆಯೇ ಬಿಟ್ಟು ಮಲಗಿದೆ. ನನ್ನ ಬೌಲ್‌ಗಳಲ್ಲಿ ಹೆಚ್ಚಾದ ಪೆಟ್ರೋಲನ್ನು ನೆಲಕ್ಕೆ ಬಿಡುವ ಓವರ್‌ಫ್ಲೋ ಕೊಳವೆ ಇರಲಿಲ್ಲ, ಇದ್ದಿದ್ದರೆ ಬೆಳಿಗ್ಗೆ ನೆಲ ಒದ್ದೆಯಾಗಿರುತ್ತಿತ್ತು. ಕೊಳವೆ ಇಲ್ಲದ ಕಡೆ ಪೆಟ್ರೋಲ್ ಕಾರ್ಬ್ಯುರೇಟರಿನ ಬಾಯಿಯವರೆಗೆ ಏರಿ, ಇಳಿಜಾರಾಗಿರುವ ದಾರಿ ಹಿಡಿದು ಎಂಜಿನ್ ಕಡೆಗೆ ಹರಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತಿದ್ದರೂ ಒಂದಲ್ಲ ಒಂದು ಸಿಲಿಂಡರಿನ ಇನ್‌ಟೇಕ್ ವಾಲ್ವ್ (ಗಾಳಿ-ಪೆಟ್ರೋಲ್ ಒಳಬಿಡುವ ಬಾಗಿಲು) ತೆರೆದೇ ಇರುತ್ತದೆ, ಏಕೆಂದರೆ ಸಿಲಿಂಡರುಗಳ ಸರದಿ ಕ್ರ್ಯಾಂಕ್‌ಶಾಫ್ಟ್ 180 ಡಿಗ್ರಿ ತಿರುಗಿದಾಗಲೊಮ್ಮೆ ಬಂದರೆ, ಪ್ರತಿಯೊಂದು ವಾಲ್ವೂ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರುತ್ತದೆ.

ಬೆಳಿಗ್ಗೆ ಸ್ಟಾರ್ಟರ್ ಒತ್ತಿದಾಗ ಠಕ್ ಎಂದು ಎಂಜಿನ್ ಅಲ್ಲಿಗೇ ನಿಂತಿತು. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಪಿಸ್ಟನ್ನಿನ ಮೇಲೆ ಪೆಟ್ರೋಲ್ ನಿಂತಿದ್ದರೆ ಅದು ಮೇಲೇರಲಾರದು. ಅಲ್ಲಿಗೇ ಕೈಬಿಟ್ಟು ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದಿದ್ದರೆ ಎಲ್ಲ ತಿಳಿಯುತ್ತಿತ್ತು. ನಾನು ಬ್ಯಾಟರಿ ಇಳಿದಿದೆ ಎಂದು ತೀರ್ಮಾನಿಸಿ ಚಾರ್ಜಿಗೆ ಹಾಕಿದೆ. ಆ ಹೊತ್ತಿನಲ್ಲಿ ಪೆಟ್ರೋಲ್ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗೆ ಆಯಿಲಿಗೆ ಇಳಿಯಿತು, ಸಿಲಿಂಡರ್ ಬರಿದಾಯಿತು, ಮತ್ತೆ ಒತ್ತಿದಾಗ ಎಂಜಿನ್ ಚಾಲೂ ಆಯಿತು. ಬ್ಯಾಟರಿಯದೇ ದೋಷ ಎಂಬ ನನ್ನ ಊಹೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆಯಿಲ್ ನೋಡುವ ಗಾಜಿನ ಕಿಂಡಿ ಪೂರ್ತಿ ತುಂಬಿದ್ದನ್ನೂ ನಾನು ಕಂಡಿದ್ದೆ. ಆಯಿಲ್ ಕಡಿಮೆಯಾದರೆ ಗಾಬರಿಯಾಗುವವರು ಹೆಚ್ಚಾದರೆ ಗಾಬರಿಯಾಗುವುದಿಲ್ಲ. ಹಿಂದಿನ ಸಲ ಕೊಂಚ ಜಾಸ್ತಿ ಸುರಿದಿರಬೇಕು ಎಂದುಕೊಂಡು ಹೊರಟೆ. ಕ್ರ್ಯಾಂಕ್‌ಶಾಫ್ಟಿನ ಶೆಲ್ ಬೇರಿಂಗುಗಳಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ತೆಳ್ಳನೆಯ ಆಯಿಲ್ ಪದರವೊಂದೇ, ಪೆಟ್ರೋಲ್ ಬೆರೆತು ನೀರಾದ ಆಯಿಲಿಗೆ ಆ ಪದರವನ್ನು ಹಿಡಿದಿಡುವ ಶಕ್ತಿಯಿರುವುದಿಲ್ಲ. ಮೊದಲು ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಕೇಳುತ್ತಿದ್ದ ಕಟಕಟ ಸದ್ದು ಆಮೇಲೆ ಐಡಲ್‌ನಲ್ಲೂ ಕೇಳತೊಡಗಿತು. ಎಂಜಿನ್ ಬಿಚ್ಚಿದಾಗ ಕನೆಕ್ಟಿಂಗ್ ರಾಡುಗಳ ದೊಡ್ಡ ತುದಿಯ ಬೇರಿಂಗುಗಳ ಮೇಲಿನ ಬೂದುಬಣ್ಣದ ಲೇಪ ಉಜ್ಜಿಹೋಗಿ ತಾಮ್ರದ ಬಣ್ಣ ಕಾಣುತ್ತಿತ್ತು, ಕ್ರ್ಯಾಂಕಿನ ಮೈಮೇಲೆ ಉಗುರಿಗೆ ತಗಲುವಷ್ಟು ಆಳದ ಗೀರುಗಳಿದ್ದವು.

ಆದ್ದರಿಂದ ಕಾರ್ಬ್ಯುರೇಟರ್‌ಗಳು ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ ಅದನ್ನು ಅದೃಷ್ಟವೆಂದೇ ಭಾವಿಸಿ. ಇಡೀ ಸಾಲನ್ನು ಬೈಕಿನಲ್ಲಿರುವಷ್ಟೇ ಓರೆಯಾಗಿ, ಅಲುಗಾಡದಂತೆ ನಿಲ್ಲಿಸಿ. ಅದಕ್ಕಿಂತ ಎತ್ತರದಲ್ಲಿ ಪೆಟ್ರೋಲಿನ ಸಣ್ಣ ಬಾಟಲಿ ತೂಗುಹಾಕಿ ಕೊಳವೆ ಜೋಡಿಸಿ. ಅಡಿಯಲ್ಲಿ ಕಾಗದ ಹರಡಿ. ಬೌಲಿನ ಡ್ರೈನಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದನ್ನು ಬೌಲಿನ ಪಕ್ಕಕ್ಕೆ ಮೇಲ್ಮುಖವಾಗಿ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿದರೆ ಒಳಗಿನ ಪೆಟ್ರೋಲಿನ ಮಟ್ಟ ಹೊರಗೇ ಕಾಣುತ್ತದೆ. ಮಟ್ಟ ಒಂದು ಕಡೆ ನಿಂತು ಗಂಟೆಗಟ್ಟಲೆ ಅಲ್ಲೇ ಉಳಿಯಬೇಕು. ನಿಧಾನವಾಗಿಯಾದರೂ ಏರುತ್ತಿದ್ದರೆ ನೀಡಲ್ ಅಥವಾ ಸೀಟು ಸೋರುತ್ತಿದೆ. ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಈಗಾಗಲೇ ಒಮ್ಮೆ ಕೂರಿಸಿ ಪೆಟ್ರೋಲ್ ಬಿಟ್ಟಿದ್ದರೆ, ಸ್ಟಾರ್ಟರ್ ಮುಟ್ಟುವ ಮೊದಲು ಆಯಿಲಿನ ಮಟ್ಟ ನೋಡಿ, ಆಯಿಲ್ ತುಂಬುವ ಕ್ಯಾಪ್ ತೆರೆದು ವಾಸನೆ ನೋಡಿ. ಅನುಮಾನ ಬಂದರೆ ಇಗ್ನಿಷನ್ ಸಂಪರ್ಕ ತಪ್ಪಿಸಿ, ಪ್ಲಗ್‌ಗಳನ್ನು ತೆಗೆದು, ಎಂಜಿನನ್ನು ಕೈಯಿಂದ ತಿರುಗಿಸಿ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಚಿಮ್ಮುವಾಗ ಕಿಡಿಯೂ ಹಾರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆಯಿಲಿಗೆ ಪೆಟ್ರೋಲ್ ಬೆರೆತಿದ್ದರೆ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸದೆ ಚಾಲೂ ಮಾಡಲೇಬೇಡಿ.

ಇನ್ನು ಬೂಟುಗಳ ಮಾತು. ಹಿಂಡಿದರೆ ಬಗ್ಗದ ಎಂಜಿನ್ ಬದಿಯ ಬೂಟುಗಳನ್ನು ಎಸೆದು ಹೊಸವನ್ನು ಹಾಕಿ, ಅದರಲ್ಲಿ ಜಿಪುಣತನ ಬೇಡ. ಅವು ಸುಲಭವಾಗಿ ಕೂರುತ್ತವೆ ಎಂಬುದಕ್ಕಿಂತ ಸುಲಭವಾಗಿ ಹೊರಬರುತ್ತವೆ ಎಂಬುದು ದೊಡ್ಡ ಲಾಭ. ಸಂಶಯ ಬಂದಾಗ ಬಿಚ್ಚಿ ನೋಡಲು ಮನಸ್ಸು ಹಿಂಜರಿಯುವುದಿಲ್ಲ. ಏರ್‌ಬಾಕ್ಸ್ ಬದಿಯವು ಸ್ವಲ್ಪ ಗಡುಸಾಗಿದ್ದರೆ ಬಿಸಿಗಾಳಿಯಿಂದ ಮೆತ್ತಗಾಗುತ್ತವೆ. ಜಾರಲು ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಎಂಜಿನ್ ಆಯಿಲ್ ಬೇಡ, ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಏರ್‌ಬಾಕ್ಸಿನ ಬೋಲ್ಟ್ ಬಿಚ್ಚಿ ಹಿಂದಕ್ಕೆ ತಳ್ಳಿದರೆ ನೀವು ಹುಡುಕುತ್ತಿರುವ ಜಾಗ ಸ್ವಲ್ಪಮಟ್ಟಿಗೆ ಅಲ್ಲಿಯೇ ಸಿಗುತ್ತದೆ. ಆಕ್ಸಿಲರೇಟರಿನ ಎರಡೂ ಕೇಬಲ್‌ಗಳನ್ನು ಮೊದಲೇ ಸಿಕ್ಕಿಸಿಕೊಳ್ಳಿ, ಆಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಎಂಜಿನ್ ಬದಿಯನ್ನು ಮೊದಲು ಕೂರಿಸಿ, ಪ್ರತಿ ಬೂಟಿನ ಅಂಚನ್ನೂ ಬೆರಳಿಂದ ಸುತ್ತ ಸವರಿ ನೋಡಿದ ಮೇಲೆಯೇ ಕ್ಲ್ಯಾಂಪ್ ಬಿಗಿಮಾಡಿ. ಒಳಕ್ಕೆ ಮಡಚಿಕೊಂಡ ಅಂಚಿನಿಂದ ಗಾಳಿ ಎಳೆದುಕೊಂಡರೆ, ಆಕ್ಸಿಲರೇಟರ್ ಬಿಟ್ಟಾಗ ಐಡಲ್ ಕೆಳಗಿಳಿಯದೆ ನಿಲ್ಲುತ್ತದೆ, ಅದನ್ನು ಜೆಟ್ಟಿನ ದೋಷವೆಂದುಕೊಂಡು ಎಲ್ಲವನ್ನೂ ಮತ್ತೆ ಬಿಚ್ಚುವವರು ಬಹಳ ಜನ.

ಪಾಡ್ ಫಿಲ್ಟರ್ ನಿಮ್ಮ ಕಷ್ಟವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ, ಅಷ್ಟೆ. ನಿಮ್ಮ ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಬಗೆಯ ಕಾರ್ಬ್ಯುರೇಟರಿನಲ್ಲಿ ಗಾಳಿಯ ದಾರಿ ತೆರೆಯುವ ಸ್ಲೈಡನ್ನು ಮೇಲೆತ್ತುವುದು ಕೇಬಲ್ ಅಲ್ಲ, ಡಯಾಫ್ರಮ್ಮಿನ ಮೇಲಿನ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸ. ಕೆಳಗಿನ ಒತ್ತಡ ಏರ್‌ಬಾಕ್ಸಿನ ನಿಶ್ಚಲ ಗಾಳಿಯಿಂದ ಬರುತ್ತದೆ. ಪಾಡ್ ಹಾಕಿದರೆ ಆ ಗಾಳಿ ಕದಡುತ್ತದೆ; ಕೆಲವು ಪಾಡ್‌ಗಳ ರಬ್ಬರ್ ಅಂಚು ಕಾರ್ಬ್ಯುರೇಟರಿನ ಬಾಯಂಚಿನಲ್ಲಿ, ಆ ಗಾಳಿಯನ್ನು ಡಯಾಫ್ರಮ್ಮಿನಡಿಗೆ ಒಯ್ಯುವ ಸಣ್ಣ ರಂಧ್ರವನ್ನೇ ಮುಚ್ಚಿಬಿಡುತ್ತದೆ. ಮಧ್ಯಮ ವೇಗದಲ್ಲಿ ಎಂಜಿನ್ ತಡವರಿಸುತ್ತದೆ, ಜೆಟ್ ಬದಲಿಸಬೇಕಾಗುತ್ತದೆ, ಪ್ರತಿ ಬದಲಾವಣೆಗೂ ಕಾರ್ಬ್ಯುರೇಟರ್‌ಗಳನ್ನು ಮತ್ತೆ ಹೊರತೆಗೆಯಬೇಕಾಗುತ್ತದೆ. ವ್ಯಾಕ್ಯೂಮ್ ಗೇಜ್ ಇಟ್ಟು ನಾಲ್ಕನ್ನೂ ಸಿಂಕ್ ಮಾಡುವ, ಅಂದರೆ ಒಂದೇ ಸಮನಾಗಿ ಎಳೆಯುವಂತೆ ಹೊಂದಿಸುವ ಬಗ್ಗೆಯೂ ಕೇಳಿದ್ದೀರಿ. ಅದನ್ನು ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಬಳಿ ಬಿಡುವ ಸಂದು) ಸರಿಪಡಿಸಿ, ಗಾಳಿ ಎಲ್ಲಿಯೂ ಸೋರುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ ಮಾಡಿ.