ನನ್ನ ಸಹಿ ಇನ್ನೊಬ್ಬರ ಕೈಯಲ್ಲಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 56 ವರ್ಷ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ್. 1994ರಲ್ಲಿ ಕೆಲಸಕ್ಕೆ ಸೇರಿದವಳು. ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದ ಮೇಲೆ ಕಾಗದದ ಕಡತ ನನ್ನ ಟೇಬಲ್‌ಗೆ ಬರುವುದೇ ಕಡಿಮೆ. ಕಂಪ್ಯೂಟರ್ ಮುಂದೆ ಕೂತರೆ ಕೈ ನಡುಗುತ್ತದೆ. ಹಾಗಾಗಿ ನನ್ನ ಡಿಜಿಟಲ್ ಸಹಿಯ ಡಾಂಗಲ್ (ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ), ಪಿನ್ ಎರಡನ್ನೂ ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗನಿಗೆ ಕೊಟ್ಟಿದ್ದೇನೆ. ನಾನು ಹೇಳುತ್ತೇನೆ, ಅವನು ಟೈಪ್ ಮಾಡಿ ಕಳಿಸುತ್ತಾನೆ. ಹೋದ ತಿಂಗಳು ನಾನು ಓದೇ ಇರದ ಜಮೀನು ಮಂಜೂರಾತಿ ಕಡತವೊಂದು ನನ್ನ ಸಹಿಯೊಂದಿಗೆ ಮೇಲೆ ಹೋಗಿತ್ತು. ಕೇಳಿದರೆ "ಅರ್ಜೆಂಟ್ ಇತ್ತು ಮೇಡಂ" ಅಂದ. ಆವತ್ತಿನಿಂದ ನಿದ್ದೆಯಿಲ್ಲ. ತಹಶೀಲ್ದಾರರು ನನ್ನ ಮಗಳ ವಯಸ್ಸಿನವರು, ಹೇಳಲು ನಾಚಿಕೆ. ಸ್ವಯಂ ನಿವೃತ್ತಿ ತೆಗೆದುಕೊಂಡುಬಿಡಲೇ?

ಉತ್ತರ: ನಿಮ್ಮ ನಿದ್ದೆ ಕೆಟ್ಟಿದ್ದರಲ್ಲಿ ಅರ್ಥವಿದೆ ಮೇಡಂ. ಆದರೆ ಅದಕ್ಕೆ ಕಾರಣ ನಿಮಗೆ ಕಂಪ್ಯೂಟರ್ ಬರದೇ ಇರುವುದಲ್ಲ. ಡಾಂಗಲ್ ಜೊತೆ ಪಿನ್ ಕೊಡುವುದೆಂದರೆ ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟ ಹಾಗೆ. ಕಾಗದದ ಕಾಲದಲ್ಲಿ ನೀವು ಯಾರಿಗೂ ಹಾಗೆ ಕೊಟ್ಟಿರಲಾರಿರಿ, ಅಲ್ವಾ?

ಡಾಂಗಲ್ಲನ್ನು ಇವತ್ತೇ ವಾಪಸ್ ತೆಗೆದುಕೊಳ್ಳಿ. ಇ-ಆಫೀಸ್ ಪಾಸ್‌ವರ್ಡ್ ಬದಲಿಸಿ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಡಿಜಿಟಲ್ ಸಹಿ ನಿಮ್ಮ ಕೈಬರಹದ ಸಹಿಗೆ ಸಮ. ಅದನ್ನು ಜೋಪಾನ ಮಾಡುವುದು, ಕೈತಪ್ಪಿದರೆ ತಡಮಾಡದೆ ತಿಳಿಸುವುದು ಸಹಿ ಪಡೆದವರದೇ ಹೊಣೆ ಎಂದು ಅದರ ಕಲಂ 42 ಹೇಳುತ್ತದೆ. ಹಾಗಾಗಿ ಬರೀ ಪಿನ್ ಬದಲಿಸಿ ಸುಮ್ಮನಾಗಬೇಡಿ. ಡಿಜಿಟಲ್ ಸಹಿಯ ಹಳೇ ಸರ್ಟಿಫಿಕೇಟ್ ರದ್ದು ಮಾಡಿಸಿ, ಕಚೇರಿ ಮೂಲಕ ಹೊಸದು ಪಡೆಯಿರಿ. ಆ ಹುಡುಗನ ಮೇಲೆ ಕೂಗಾಡುವುದೂ ಬೇಡ. ಇನ್ನೊಬ್ಬರ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸಿದರೆ ಕಲಂ 66ಸಿ ಅಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಇದು ಅವನಿಗೂ ಗೊತ್ತಿರಲಿ, ಅವನ ಒಳ್ಳೆಯದಕ್ಕೇ.

ಇನ್ನು ಆ ಮಂಜೂರಾತಿ ಕಡತ. ಇ-ಆಫೀಸ್‌ನಲ್ಲಿ ಹಸಿರು ಟಿಪ್ಪಣಿಯಾಗಿ, ಅಂದರೆ ಅಂತಿಮ ಟಿಪ್ಪಣಿಯಾಗಿ ಮುಂದೆ ಹೋದದ್ದನ್ನು ತಿದ್ದಲು ಬರುವುದಿಲ್ಲ. ಯಾರ ಲಾಗಿನ್‌ನಿಂದ ಎಷ್ಟು ಹೊತ್ತಿಗೆ ಹೋಯಿತು ಎನ್ನುವುದೂ ಅಲ್ಲಿ ಇರುತ್ತದೆ. ಆದ್ದರಿಂದ ಕಡತ ವಾಪಸ್ ತರಿಸಿಕೊಂಡು ಪೂರ್ತಿ ಓದಿ. ಹಿಂದಿನ ಟಿಪ್ಪಣಿ ನೀವು ನೋಡದೆ ಹೋಗಿದ್ದು, ಈಗ ನೋಡಿದ ಮೇಲೆ ನಿಮ್ಮ ಅಭಿಪ್ರಾಯ ಇಂಥದ್ದು ಎಂದು ಕೆಳಗೆ ಹೊಸ ಟಿಪ್ಪಣಿ ಬರೆಯಿರಿ. ಇದನ್ನು ಬಿಟ್ಟು ಸ್ವಯಂ ನಿವೃತ್ತಿ ಪಡೆದರೆ ಸಮಸ್ಯೆ ಕಚೇರಿಯಲ್ಲೇ ಉಳಿಯುತ್ತದೆ. ಮನೆಗೆ ಹೋದ ಮೇಲೂ ಇಲಾಖಾ ವಿಚಾರಣೆ ಬರಬಹುದು. ಹೆದರಿ ಬರೆದ ನಿವೃತ್ತಿ ಅರ್ಜಿ ನನಗಂತೂ ಒಪ್ಪಿಗೆಯಿಲ್ಲ.

ಕಲಿಯುವುದು ನೀವು ಅಂದುಕೊಂಡಷ್ಟು ಜಾಸ್ತಿ ಇಲ್ಲ. ಇನ್‌ಬಾಕ್ಸ್ ತೆರೆಯುವುದು, ಪತ್ರ ಓದುವುದು, ಹಳದಿ ಟಿಪ್ಪಣಿಯಲ್ಲಿ ಕರಡು ಬರೆದು ಉಳಿಸುವುದು, ಸರಿಯೆನಿಸಿದರೆ ಹಸಿರು ಮಾಡಿ ಸಹಿ ಹಾಕಿ ಕಳಿಸುವುದು. ನಿಮ್ಮ ದಿನದ ಕೆಲಸ ಬಹುಪಾಲು ಇಷ್ಟೇ. ಮೊಬೈಲಿನಲ್ಲಿ ವಾಟ್ಸಾಪ್‌ಗೆ ಕನ್ನಡ ಟೈಪ್ ಮಾಡುತ್ತೀರಾದರೆ ಅರ್ಧ ಕೆಲಸ ಬಂದ ಹಾಗೆಯೇ. ಒಂದು ಎಚ್ಚರ: ಟೈಪ್ ಮಾಡುವಾಗ ಯೂನಿಕೋಡ್ ಇರಲಿ, ಅದರಲ್ಲಿ ಹೊಡೆದದ್ದು ಬೇರೆ ಕಡೆಯೂ ಕನ್ನಡವಾಗಿಯೇ ಕಾಣುತ್ತದೆ. ಹಳೇ ನುಡಿ ಫಾಂಟ್‌ನಲ್ಲಿ ಹೊಡೆದು ತಂದು ಅಂಟಿಸಿದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಕಾಣುತ್ತದೆ. ಎಷ್ಟೋ ಜನ ಅಲ್ಲೇ "ನನ್ನ ಕೈಲಾಗಲ್ಲ" ಎಂದು ಎದ್ದುಬಿಡುತ್ತಾರೆ. ಅದು ಫಾಂಟಿನ ತೊಂದರೆ, ನಿಮ್ಮದಲ್ಲ.

ಇನ್ನೊಂದು ಮಾತು. ಇಂಥ ಬದಲಾವಣೆ ನಿಮಗೆ ಹೊಸದೇನಲ್ಲ. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತಾಗ ನೀವು ಸೇವೆಯಲ್ಲಿದ್ದಿರಿ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಕ್ಯಾನ್ ಮಾಡುವ ಹುಡುಗರಿಗೆ ಮಷೀನು ಗೊತ್ತು. ಆದರೆ ದಾರ ಬಿಚ್ಚಿದ ಕಟ್ಟಿನಲ್ಲಿ ಸಾಗುವಳಿ ಚೀಟಿಯ ಕಚೇರಿ ಪ್ರತಿ ಯಾವುದು, ಮಂಜೂರಾತಿ ಆದೇಶ ಯಾವುದು, ಮಸಿ ಮಾಸಿದ ಸರ್ವೆ ನಂಬರ್ 81 ಇದೆಯೋ 87 ಇದೆಯೋ, ನಡುವೆ ಹಾಳೆ ಬಿಟ್ಟುಹೋಗಿದೆಯೋ ಹೇಗೆ ಎನ್ನುವುದು ಅವರಿಗೆ ತಿಳಿಯುವುದು ಕಷ್ಟ. ಸೂಚಿಯಲ್ಲಿ ಒಂದು ನಂಬರ್ ತಪ್ಪಿದರೆ ಸ್ಕ್ಯಾನ್ ಆಗಿಯೂ ಆ ಕಡತ ಯಾರಿಗೂ ಸಿಗುವುದಿಲ್ಲ, ರೈತ ಮಾತ್ರ ಅಲೆಯುತ್ತಾನೆ. ಅಲ್ಲಿ ನಿಮ್ಮ ಕಣ್ಣು ಬೇಕು. ಇದನ್ನೂ ತಹಶೀಲ್ದಾರರ ಮುಂದಿಡಿ.

ಅವರ ವಯಸ್ಸು ಎಷ್ಟಾದರೂ ಇರಲಿ, ಬೇರೆಯವರಿಂದ ತಿಳಿಯುವ ಮೊದಲು ನಿಮ್ಮಿಂದಲೇ ತಿಳಿಯಲಿ. ಬಾಯಲ್ಲಿ ಹೇಳಿ, ಒಂದು ಪತ್ರವನ್ನೂ ಕೊಡಿ. ಶುರು ಮಾಡುವುದು ಹೇಗೆ ಎಂದು ತೋಚದಿದ್ದರೆ ಇಷ್ಟು ಹೇಳಿ: "ಮೇಡಂ, ನನ್ನ ಡಾಂಗಲ್ ಇಷ್ಟು ದಿನ ಬೇರೆಯವರ ಹತ್ತಿರ ಇತ್ತು. ಒಂದು ಕಡತ ನಾನು ನೋಡದೆ ಹೋಗಿದೆ. ಹಳೇ ಸಹಿ ರದ್ದು ಮಾಡಿಸಬೇಕು, ಇನ್ನು ಮುಂದೆ ನಾನೇ ಮಾಡುತ್ತೇನೆ. ಕಲಿಯಲು ದಿನಾ ಅರ್ಧ ಗಂಟೆ ಬಿಡುವು ಮಾಡಿಕೊಡಿ."