ಆಪ್ ನೋಟ ಉಳಿಯಲೆಂದು ಲಿಂಕಿನ ತುದಿಗೆ ಅಂಟಿಸಬೇಡಿ

ಸರ್, ಸಕಲೇಶಪುರದ ಹೋಂಸ್ಟೇ ಆಪ್‌ಗಾಗಿ ನೀವು ನಿನ್ನೆ ಹಾಕಿದ ಕೋಡ್ ಓದಿದೆ. ಆ ಆಪ್ ನಿಮ್ಮ ಸೈಟನ್ನೇ ತನ್ನೊಳಗೆ ತೆರೆಯುತ್ತದೆ; ವಿಳಾಸದಲ್ಲಿ ‘ವ್ಯೂ=ಆಪ್’ ಎಂಬ ಪ್ಯಾರಾಮೀಟರ್ (ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆಯುವ ಸೂಚನೆ) ಇದ್ದರೆ ಹೆಡರ್ (ಮೇಲಿನ ಮೆನು ಪಟ್ಟಿ) ಮತ್ತು ಫೂಟರ್ (ಕೆಳಗಿನ ಪಟ್ಟಿ) ಮರೆಯಾಗುತ್ತವೆ. ಮೊದಲ ಪುಟದಲ್ಲಿ ಮರೆಯಾಗಿದ್ದ ಅವು ಎರಡನೆಯ ಪುಟಕ್ಕೆ ಹೋದ ಕೂಡಲೇ ಮರಳಿ ಬರುತ್ತವೆಂದು ಪ್ರತಿ ಲಿಂಕಿನ ತುದಿಗೂ ‘?ವ್ಯೂ=ಆಪ್’ ಎಂದು ಅಂಟಿಸಿದ್ದೀರಿ. ದಯವಿಟ್ಟು ಇದನ್ನು ಸೈಟಿಗೆ ಏರಿಸಬೇಡಿ. ಇದೇ ತಪ್ಪನ್ನು ನಾನು ಮಾಡಿ ಅನುಭವಿಸಿದ್ದೇನೆ.

ಮೂಡಿಗೆರೆ ಕಡೆಯ ಕೆಲವು ಬೆಳೆಗಾರರು ತಮ್ಮ ತೋಟಗಳ ಮಳೆ ಲೆಕ್ಕವನ್ನು ಒಂದೇ ಕಡೆ ಬರೆದಿಡಲೆಂದು ನಾನು ಮಾಡಿಕೊಟ್ಟ ಸೈಟಿನಲ್ಲಿ ತಿಂಗಳಿಗೊಂದು ಲಿಂಕ್ ಇತ್ತು. ಆ ಲಿಂಕಿನಲ್ಲಿ ಮೊದಲೇ ‘?ತಿಂಗಳು=2022-04’ ಎಂದಿದ್ದುದರಿಂದ, ನಾನು ಅಂಟಿಸಿದ ಎರಡನೆಯ ಪ್ರಶ್ನಾರ್ಥಕ ಚಿಹ್ನೆ ಹೊಸ ಪ್ಯಾರಾಮೀಟರ್ ಆಗದೆ ತಿಂಗಳಿನ ಮೌಲ್ಯದೊಳಗೇ ಸೇರಿಕೊಂಡು ‘2022-04?ವ್ಯೂ=ಆಪ್’ ಆಯಿತು. ಅಂಥ ತಿಂಗಳು ಡೇಟಾಬೇಸಿನಲ್ಲಿ ಇಲ್ಲ, ಆದ್ದರಿಂದ ಕೋಷ್ಟಕ ಖಾಲಿ. ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ದಿನ 1 ಇಂಚು 20 ಸೆಂಟ್ಸ್ (ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಎಂದು ತಾವೇ ಬರೆದಿಟ್ಟಿದ್ದ ಹಿರಿಯರೊಬ್ಬರು ಫೋನ್ ಮಾಡಿ, ‘ನನ್ನ ಏಪ್ರಿಲ್ ಲೆಕ್ಕ ಎಲ್ಲಿ ಹೋಯಿತಪ್ಪ?’ ಎಂದು ಕೇಳಿದರು. ಲಿಂಕನ್ನು ನೋಡುವ ಬದಲು ನಾನು ಎರಡು ದಿನ ಡೇಟಾಬೇಸನ್ನೇ ಜಾಲಾಡಿದೆ. ನಿಮ್ಮ ‘#ಕೊಠಡಿಗಳು’ ಲಿಂಕಿಗೂ ಇಂಥದೇ ತೊಂದರೆ ಕಾದಿದೆ: ಹ್ಯಾಷ್ ನಂತರ ಬರೆದದ್ದು ಸರ್ವರ್‌ಗೆ ತಲುಪುವುದೇ ಇಲ್ಲ, ಪುಟವೂ ಆ ಭಾಗಕ್ಕೆ ಸರಿಯುವುದಿಲ್ಲ.

ನಾನು ಈಗ ಮಾಡುವುದು ಇಷ್ಟು. ಪುಟ ತೆರೆದಾಗ ಲಿಂಕುಗಳನ್ನು ಮುಟ್ಟುವುದಿಲ್ಲ. ಇಡೀ ಡಾಕ್ಯುಮೆಂಟ್‌ಗೆ ಒಂದೇ ಕ್ಲಿಕ್ ಲಿಸನರ್ (ಕ್ಲಿಕ್ ಆದಾಗ ಓಡುವ ಕೋಡ್) ಹಾಕಿ, ಕ್ಯಾಪ್ಚರ್ ಹಂತದಲ್ಲಿ, ಅಂದರೆ ಕ್ಲಿಕ್ ಲಿಂಕಿಗೆ ತಲುಪುವ ಮೊದಲೇ, ಒತ್ತಿದ ಲಿಂಕನ್ನು ಮಾತ್ರ ಆ ಕ್ಷಣದಲ್ಲಿ ಯುಆರ್‌ಎಲ್ ಆಬ್ಜೆಕ್ಟ್ (ಬ್ರೌಸರ್ ವಿಳಾಸವನ್ನು ಭಾಗಗಳಾಗಿ ಬಿಡಿಸಿಕೊಡುವ ಸಾಧನ) ಮಾಡಿ, ಅದರ ಸರ್ಚ್‌ಪ್ಯಾರಮ್ಸ್‌ನ ಸೆಟ್ ಬಳಸಿ ತಿದ್ದುತ್ತೇನೆ. ಪ್ರಶ್ನಾರ್ಥಕ ಚಿಹ್ನೆ, ಆಂಪರ್ಸಂಡ್, ಹ್ಯಾಷ್ ಎಲ್ಲವನ್ನೂ ಅದೇ ಸರಿಯಾದ ಜಾಗದಲ್ಲಿ ಇಡುತ್ತದೆ. ಎರಡು ಸಲ ಓಡಿದರೂ ಪ್ಯಾರಾಮೀಟರ್ ಒಂದೇ ಉಳಿಯುತ್ತದೆ. ‘ಇನ್ನಷ್ಟು’ ಒತ್ತಿದ ಮೇಲೆ ಬರುವ ಹೊಸ ಲಿಂಕುಗಳಿಗೂ ಇದೇ ಸಾಕಾಗುವುದರಿಂದ ಪುಟದ ಬದಲಾವಣೆಗಳನ್ನು ಕಾಯುವ ಮ್ಯುಟೇಶನ್ ಅಬ್ಸರ್ವರ್ ಬೇಕಾಗುವುದಿಲ್ಲ. ಇಷ್ಟಕ್ಕಾಗಿ ಜೆಕ್ವೆರಿ ಎಂಬ ಹೆಚ್ಚುವರಿ ಕೋಡ್ ಲೈಬ್ರರಿಯನ್ನು ಪುಟದ ಮೇಲೆ ಹೊರಿಸುವುದಂತೂ ಸಲ್ಲದು. ಬೆಟ್ಟದ ತಿರುವುಗಳಲ್ಲಿ ಸಿಗ್ನಲ್ ಎಷ್ಟು ಸಿಗುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಎಚ್ಚರಿಕೆ: ಕೊಠಡಿಯ ಚಿತ್ರವನ್ನು ಒತ್ತಿದಾಗ ಈವೆಂಟ್‌ನ ಟಾರ್ಗೆಟ್ ಆ ಚಿತ್ರವೇ ಆಗಿರುತ್ತದೆ, ಲಿಂಕ್ ಅಲ್ಲ. ಆದ್ದರಿಂದ ಕ್ಲೋಸೆಸ್ಟ್ ಎಂಬ ಫಂಕ್ಷನ್ ಬಳಸಿ ಆ ಚಿತ್ರವನ್ನು ಒಳಗೊಂಡ ಲಿಂಕನ್ನು ಹುಡುಕಿಕೊಳ್ಳಬೇಕು.

ಒರಿಜಿನ್ (ಪ್ರೊಟೊಕಾಲ್, ಡೊಮೇನ್, ಪೋರ್ಟ್ ಸೇರಿದ ವಿಳಾಸದ ಮೊದಲ ಭಾಗ) ನಿಮ್ಮ ಸೈಟಿನದೇ ಎಂದು ಹೋಲಿಸದೆ ಯಾವ ಲಿಂಕನ್ನೂ ತಿದ್ದಬೇಡಿ. ಫೋನ್, ಮೇಲ್, ವಾಟ್ಸಾಪ್ ಲಿಂಕುಗಳನ್ನು ಇದ್ದಂತೆಯೇ ಬಿಡಬೇಕು. ಹಣ ಪಾವತಿಯ ಲಿಂಕಿಗೆ ಡಿಜಿಟಲ್ ಸಹಿ ಇದ್ದರೆ ಒಂದು ಅಕ್ಷರ ಸೇರಿದರೂ ಅದು ತಿರಸ್ಕೃತವಾಗಬಹುದು. ಹಾಗೆಯೇ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ವಿಳಾಸ ಮತ್ತು ಇಲ್ಲದ ವಿಳಾಸ ಬೇರೆ ಬೇರೆ ಒರಿಜಿನ್. ನಿಮ್ಮ ಮೆನುವಿನಲ್ಲಿ ಎರಡೂ ಬೆರೆತಿವೆ, ಮೊದಲು ಅದನ್ನು ಸರಿಪಡಿಸಿ.

ನೀವು ಮರೆತಿರುವುದು ದಿನಾಂಕ ಹುಡುಕುವ ಫಾರಂ. ಗೆಟ್ ಫಾರಂ (ಮಾಹಿತಿಯನ್ನು ವಿಳಾಸದಲ್ಲೇ ಸೇರಿಸಿ ಕಳುಹಿಸುವ ಫಾರಂ) ಕಳುಹಿಸುವಾಗ ಆಕ್ಷನ್‌ನಲ್ಲಿ, ಅಂದರೆ ಅದು ಹೋಗಬೇಕಾದ ವಿಳಾಸದಲ್ಲಿ, ಬರೆದ ಪ್ಯಾರಾಮೀಟರ್‌ಗಳನ್ನು ಬ್ರೌಸರ್ ಕಿತ್ತುಹಾಕಿ ಫಾರಂನ ಮಾಹಿತಿಯನ್ನು ಮಾತ್ರ ಇಡುತ್ತದೆ, ಆದ್ದರಿಂದ ‘ವ್ಯೂ=ಆಪ್’ಗೆ ಹಿಡನ್ ಇನ್‌ಪುಟ್ (ಕಣ್ಣಿಗೆ ಕಾಣದ ಫಾರಂ ಕ್ಷೇತ್ರ) ಹಾಕಲೇಬೇಕು. ಲಾಗಿನ್ ಆದ ಮೇಲಿನ ರೀಡೈರೆಕ್ಟ್‌ಗೆ ಸರ್ವರ್‌ನಲ್ಲೇ ಪ್ಯಾರಾಮೀಟರ್ ಸೇರಿಸಬೇಕು. ಅಲ್ಲಿ ನಮ್ಮ ಕ್ಲಿಕ್ ಲಿಸನರ್‌ಗೆ ಕೆಲಸವಿಲ್ಲ.

ಆಪ್ ಕೂಡ ನಿಮ್ಮ ಕೈಯಲ್ಲೇ ಇದ್ದರೆ ವೆಬ್‌ವ್ಯೂನ (ಆಪ್ ಒಳಗೆ ಸೈಟ್ ತೋರಿಸುವ ಬ್ರೌಸರ್ ಭಾಗದ) ಯೂಸರ್ ಏಜೆಂಟ್, ಅಂದರೆ ಬ್ರೌಸರ್ ಪ್ರತಿ ಸಲ ಸರ್ವರ್‌ಗೆ ಕೊಡುವ ತನ್ನ ಹೆಸರಿನ ಸಾಲಿನ, ತುದಿಗೆ ಒಂದು ಗುರುತು ಸೇರಿಸುವುದು ಇನ್ನೂ ಗಟ್ಟಿ ದಾರಿ. ಇರುವುದನ್ನು ಅಳಿಸದೆ ಸೇರಿಸಿ. ಆಂಡ್ರಾಯ್ಡ್‌ನಲ್ಲಿ ಪುಟ ತೆರೆಯುವ ಲೋಡ್‌ಯುಆರ್‌ಎಲ್ ಜೊತೆ ಎಚ್‌ಟಿಟಿಪಿ ಹೆಡರ್ (ಪುಟದ ಮೇಲಿನ ಪಟ್ಟಿಯಲ್ಲ, ಸರ್ವರ್‌ಗೆ ಹೋಗುವ ಸಂದೇಶ) ಕಳುಹಿಸಿದರೆ ಸಾಕೆಂದು ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ; ಒತ್ತಿದ ಮುಂದಿನ ಲಿಂಕುಗಳಿಗೆ ಆ ಹೆಡರ್ ಹೋಗುವುದಿಲ್ಲ. ಆದರೆ ಯೂಸರ್ ಏಜೆಂಟ್ ದಾರಿ ಹಿಡಿದರೆ ಪೇಜ್ ಕ್ಯಾಶ್ (ತಯಾರಾದ ಪುಟವನ್ನು ಉಳಿಸಿಟ್ಟು ಎಲ್ಲರಿಗೂ ಕೊಡುವ ವ್ಯವಸ್ಥೆ) ಕಡೆ ಕಣ್ಣಿಡಿ. ನಾನು ಹಾಕಿದ್ದ ಉಚಿತ ಕ್ಯಾಶ್ ಪ್ಲಗಿನ್ ಒಂದು ಬೆಳಿಗ್ಗೆ ಆಪ್‌ಗೆಂದು ತಯಾರಾದ ಪುಟವನ್ನೇ ಉಳಿಸಿಕೊಂಡು, ಕಂಪ್ಯೂಟರಿನಲ್ಲಿ ತೆರೆದವರಿಗೆಲ್ಲ ಮೆನುವಿಲ್ಲದ ಸೈಟ್ ತೋರಿಸಿತು.

ಶೇರ್ ಬಟನ್‌ನಿಂದ ಹೋಗುವ ವಿಳಾಸದಿಂದ ಪ್ಯಾರಾಮೀಟರನ್ನು ತೆಗೆದು ಕಳುಹಿಸಿ. ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಲಿಂಕ್ ಪಡೆದ ಅತಿಥಿಗೆ ಹಿಂದೆ ಹೋಗಲು ಮೆನುವೂ ಸಿಗುವುದಿಲ್ಲ, ಫೂಟರ್‌ನಲ್ಲಿರುವ ನಿಮ್ಮ ಫೋನ್ ನಂಬರೂ ಕಾಣುವುದಿಲ್ಲ. ಪುಟದ ಮೂಲ ವಿಳಾಸ ಯಾವುದೆಂದು ಸರ್ಚ್ ಎಂಜಿನ್‌ಗೆ ಹೇಳುವ ಕೆನಾನಿಕಲ್ ಟ್ಯಾಗ್‌ನಲ್ಲಿಯೂ ಪ್ಯಾರಾಮೀಟರ್ ಇಲ್ಲದ ಶುದ್ಧ ವಿಳಾಸವೇ ಇರಲಿ. ದಿನಾಂಕದ ಫಾರಂನ ಕೋಡ್ ಇಲ್ಲಿ ಹಾಕಿ, ಇಂದು ಸಂಜೆ ನೋಡಿ ಹೇಳುತ್ತೇನೆ.