ವಿಎಸ್ ಕೋಡ್ ತೆರೆದರೆ ಬರೀ ಕಪ್ಪು ವಿಂಡೋ ಬರುತ್ತಿದೆ, ಏನು ಮಾಡಲಿ?

ವಿಂಡೋಸ್ 10ರಲ್ಲಿ, ಕೋಡ್ ಬರೆಯುವ ಆಪ್ ಆದ ವಿಎಸ್ ಕೋಡ್ ಅಪ್‌ಡೇಟ್ ಆದಾಗಿನಿಂದ ಖಾಲಿ ವಿಂಡೋ ಬರುತ್ತಿದೆ, ಮೆನುವೂ ಕಾಣುವುದಿಲ್ಲ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಹಾಗೇ ಇದೆ, ಒಳಗೆ ಸೇವ್ ಮಾಡದ ಫೈಲ್‌ಗಳಿವೆ ಎಂದು ಬರೆದಿದ್ದೀರಿ.

ಮೊದಲು ಆ ಫೈಲ್‌ಗಳನ್ನು ಕಾಪಾಡಿಕೊಳ್ಳಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಅಲ್ಲಿರುವ ಕೋಡ್ ಫೋಲ್ಡರನ್ನು ಇಡಿಯಾಗಿ ಡೆಸ್ಕ್‌ಟಾಪಿಗೆ ಕಾಪಿ ಮಾಡಿ. ಇದನ್ನೇ ಪೂರ್ತಿ ಅಳಿಸಿಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸೇವ್ ಆಗದ ಬರಹ ಇರುವುದು ಅದರೊಳಗಿನ ಬ್ಯಾಕಪ್ಸ್ ಫೋಲ್ಡರಿನಲ್ಲಿ. ಅಲ್ಲಿನ ಫೈಲ್ ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಸಾಲಿನಲ್ಲಿ ಮೂಲ ಫೈಲಿನ ವಿಳಾಸ, ಅದರ ಕೆಳಗೆ ನೀವು ಬರೆದದ್ದು ಕಾಣುತ್ತದೆ. ಸೆಟಿಂಗ್ಸ್, ಸ್ನಿಪೆಟ್‌ಗಳು (ಮತ್ತೆ ಮತ್ತೆ ಬಳಸಲು ಇಟ್ಟುಕೊಂಡ ಕೋಡ್ ತುಣುಕುಗಳು) ಯೂಸರ್ ಫೋಲ್ಡರಿನಲ್ಲಿವೆ. ಅನ್‌ಇನ್‌ಸ್ಟಾಲ್ ಮಾಡಿದರೂ ಈ ಕೋಡ್ ಫೋಲ್ಡರ್ ಹಾಗೇ ಉಳಿಯುತ್ತದೆ. ಮರು ಇನ್‌ಸ್ಟಾಲ್ ಕೆಲಸಕ್ಕೆ ಬಾರದಿರಲು ಅದೇ ಕಾರಣ.

ಇನ್ನು ತೊಂದರೆ ಎಲ್ಲಿದೆ ನೋಡೋಣ. ವಿಎಸ್ ಕೋಡ್ ಎಲೆಕ್ಟ್ರಾನ್ ಎಂಬ ಆಪ್ ಕಟ್ಟುವ ಚೌಕಟ್ಟಿನ ಮೇಲೆ ಕಟ್ಟಿದ್ದು, ಅಂದರೆ ಒಳಗಿರುವುದು ಕ್ರೋಮ್ ಬ್ರೌಸರಿನ ಬುಡವಾದ ಕ್ರೋಮಿಯಂ. ಪರದೆಗೆ ಚಿತ್ರ ಬಿಡಿಸಲು ಅದರಲ್ಲಿ ಬೇರೆಯದೇ ಜಿಪಿಯು (ಗ್ರಾಫಿಕ್ಸ್ ಚಿಪ್) ಪ್ರೊಸೆಸ್ ಇರುತ್ತದೆ. ಖಾಲಿ ವಿಂಡೋ ಮೇಲೆ ಮೌಸ್ ಆಡಿಸಿ ನೋಡಿ. ಎಡಿಟರ್ ಇರಬೇಕಾದ ಜಾಗದಲ್ಲಿ ಬಾಣದ ಗುರುತು ಐ ಅಕ್ಷರದ ಹಾಗೆ ಬದಲಾದರೆ ಆಪ್ ಚೆನ್ನಾಗಿಯೇ ಓಡುತ್ತಿದೆ, ಚಿತ್ರ ಮಾತ್ರ ಪರದೆಗೆ ಬರುತ್ತಿಲ್ಲ ಎಂದರ್ಥ. ಅಪ್‌ಡೇಟ್ ಆದ ಮೇಲೆ ಹೀಗಾಗಿದ್ದರೆ ನನ್ನ ಮೊದಲ ಅನುಮಾನ ಹಳೆಯ ಜಿಪಿಯು ಕ್ಯಾಶ್ ಮೇಲೆ, ಅಂದರೆ ಚಿತ್ರ ಬೇಗ ಬಿಡಿಸಲು ಆಪ್ ಕೂಡಿಟ್ಟುಕೊಂಡ ಫೈಲ್‌ಗಳ ಮೇಲೆ.

ಟಾಸ್ಕ್ ಮ್ಯಾನೇಜರ್ ತೆರೆದು ವಿಎಸ್ ಕೋಡಿನ ಎಲ್ಲ ಪ್ರೊಸೆಸ್‌ಗಳಿಗೂ ಎಂಡ್ ಟಾಸ್ಕ್ ಕೊಡಿ. ಈ ಹೆಜ್ಜೆ ಬಿಟ್ಟೇ ಬಹಳ ಜನ ಎಡವುವುದು. ಹಿಂದೆ ಒಂದು ಪ್ರೊಸೆಸ್ ಓಡುತ್ತಿದ್ದರೆ ಹೊಸದಾಗಿ ತೆರೆದದ್ದೂ ಅದಕ್ಕೇ ಹೋಗಿ ಸೇರುತ್ತದೆ, ಮುಂದೆ ಹೇಳುವ ಸ್ವಿಚ್‌ಗಳು, ಅಂದರೆ ಆಪ್ ತೆರೆಯುವಾಗ ಜೊತೆಗೆ ಕೊಡುವ ಸೂಚನೆಗಳು, ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ (ಡೆಸ್ಕ್‌ಟಾಪಿನ ಕಾಪಿಯಲ್ಲಲ್ಲ) ಮೂಲ ಕೋಡ್ ಫೋಲ್ಡರಿನಲ್ಲಿ ಜಿಪಿಯುಕ್ಯಾಶ್ ಎಂಬುದನ್ನು ಮಾತ್ರ ಅಳಿಸಿ ಮತ್ತೆ ತೆರೆಯಿರಿ. ಅದು ತಾನೇ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಲಿನಕ್ಸ್‌ನಲ್ಲಾದರೆ ಇದೇ ಫೋಲ್ಡರ್ ಹೋಮ್ ಒಳಗೆ, ಚುಕ್ಕಿಯಿಂದ ಶುರುವಾಗುವ ಕಾನ್ಫಿಗ್‌ನಲ್ಲಿರುತ್ತದೆ.

ಅದಕ್ಕೂ ಬಗ್ಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಕೊಡಿ: ಕೋಡ್, ಒಂದು ಸ್ಪೇಸ್, ಎರಡು ಹೈಫನ್, ಡಿಸೇಬಲ್, ಒಂದು ಹೈಫನ್, ಜಿಪಿಯು. ಕಮಾಂಡ್ ಸಿಗಲಿಲ್ಲ ಎಂದರೆ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ ಟಾರ್ಗೆಟ್ ಕೊನೆಗೆ ಇದೇ ಸ್ವಿಚ್ ಸೇರಿಸಿ. ಮುಚ್ಚುವ ಉದ್ಧರಣ ಚಿಹ್ನೆ ಆದ ಮೇಲೆ ಸ್ಪೇಸ್ ಬಿಟ್ಟು ಬರೆಯಬೇಕು, ಒಳಗೆ ಬರೆದರೆ ವಿಂಡೋಸ್ ಒಪ್ಪುವುದಿಲ್ಲ.

ಹೀಗೆ ತೆರೆದುಕೊಂಡರೆ ತಪ್ಪು ಗ್ರಾಫಿಕ್ಸ್ ಕಡೆಯದೇ. ಕಂಟ್ರೋಲ್ ಶಿಫ್ಟ್ ಪಿ ಒತ್ತಿ ಕಾನ್ಫಿಗರ್ ರನ್‌ಟೈಮ್ ಆರ್ಗ್ಯುಮೆಂಟ್ಸ್ ಆರಿಸಿ. ಹಾರ್ಡ್‌ವೇರ್ ಆಕ್ಸೆಲರೇಶನ್ (ಚಿತ್ರ ಬಿಡಿಸಲು ಜಿಪಿಯು ಬಳಸುವುದು) ಡಿಸೇಬಲ್ ಮಾಡುವ ಸಾಲು ಅಲ್ಲಿ ಮೊದಲೇ ಇರುತ್ತದೆ, ಆ ಸಾಲಿನ ಶುರುವಿನಲ್ಲಿರುವ ಎರಡು ಓರೆಗೆರೆ ತೆಗೆದು ಸೇವ್ ಮಾಡಿ, ಪೂರ್ತಿ ಮುಚ್ಚಿ ತೆರೆಯಿರಿ. ಇದನ್ನು ನಾನು ತಾತ್ಕಾಲಿಕ ಎಂದೇ ಹೇಳುತ್ತೇನೆ. ಚಿತ್ರ ಬಿಡಿಸುವ ಹೊರೆಯೆಲ್ಲ ಸಿಪಿಯು ಮೇಲೆ ಬಿದ್ದು ದೊಡ್ಡ ಫೈಲ್ ಸ್ಕ್ರಾಲ್ ಮಾಡುವಾಗ ತಡವರಿಸುತ್ತದೆ. ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಆ ಓರೆಗೆರೆಗಳನ್ನು ಮತ್ತೆ ಸೇರಿಸಿ ನೋಡಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಯಂತ್ರವಾದರೆ ಡಿಸ್‌ಪ್ಲೇ ಸೆಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ವಿಎಸ್ ಕೋಡಿಗೆ ಪವರ್ ಸೇವಿಂಗ್ ಆರಿಸಿಯೂ ನೋಡಬಹುದು.

ಮೆನು ಬಂದು ಎಡಿಟರ್ ಜಾಗ ಮಾತ್ರ ಖಾಲಿ ಇದ್ದರೆ ಹಾಗೆಯೇ ಎರಡು ಹೈಫನ್ ಜೊತೆ ಡಿಸೇಬಲ್-ಎಕ್ಸ್‌ಟೆನ್ಶನ್ಸ್ ಸ್ವಿಚ್ ಹಾಕಿ ತೆರೆಯಿರಿ. ಆಗ ಸರಿಯಾದರೆ ಯಾವುದೋ ಎಕ್ಸ್‌ಟೆನ್ಶನ್ (ಆಪಿಗೆ ಆಮೇಲೆ ಸೇರಿಸಿಕೊಂಡ ಭಾಗ) ಕಾಟ ಕೊಡುತ್ತಿದೆ.

ಇಷ್ಟಾದರೂ ಕಪ್ಪು ಹೋಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಎರಡು ಹೈಫನ್ ವರ್ಬೋಸ್ ಹಾಕಿ ಓಡಿಸಿ, ಒಳಗೆ ಆಗುತ್ತಿರುವುದನ್ನು ಅದು ಸಾಲು ಸಾಲಾಗಿ ತೋರಿಸುತ್ತದೆ. ಜಿಪಿಯು ಪ್ರೊಸೆಸ್ ಅನಿರೀಕ್ಷಿತವಾಗಿ ನಿಂತಿತು ಎನ್ನುವ ಸಾಲು ಬಂದರೆ ಅದರ ಎಕ್ಸಿಟ್ ಕೋಡ್, ಡ್ರೈವರ್ ಆವೃತ್ತಿ ಎರಡನ್ನೂ ನಿಮ್ಮ ಪ್ರಶ್ನೆಗೆ ಸೇರಿಸಿ, ಮುಂದೆ ನೋಡೋಣ.